ನೇತ್ರಾವತಿ ಬ್ಯಾಂಕ್ ಎಲ್ಲಿ ಉಂಟು? ಒಂದು ಫ್ಲೆಕ್ಸಿನ ಪ್ರಕರಣ

ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಇನ್ನೂ ಕಸ ಗುಡಿಸ್ಲಿಲ್ಲ, ಅಷ್ಟರಲ್ಲಿ ಒಬ್ರು ಫೋನ್ ಮಾಡಿ "ನೇತ್ರಾವತಿ ಬ್ಯಾಂಕಿನ ಆಫೀಸ್ ಎಲ್ಲಿ ಬರ್ತದೆ, ಸೀನಿಯರ್ ಸಿಟಿಜನ್‌ಗೆ ಎಫ್‌ಡಿಗೆ ಎಷ್ಟು ಪರ್ಸೆಂಟ್" ಅಂತ ಕೇಳಿದ್ರು. ರಾಂಗ್ ನಂಬರ್ ಅಂತ ಹೇಳಿ ಇಟ್ಟೆ. ಹತ್ತು ನಿಮಿಷ ಬಿಟ್ಟು ಅವರದ್ದೇ ಪುನಃ ಬಂತು, "ಅಲ್ಲ ಮಾರಾಯ್ರೆ, ಫ್ಲೆಕ್ಸಿನ ಅಡಿಯಲ್ಲಿ ನಿಮ್ಮದೇ ನಂಬರ್ ಉಂಟಲ್ವಾ". ಆಗ ನನ್ನ ಎದೆ ಒಮ್ಮೆ ಧಸಕ್ ಅಂತು.

ನಮ್ಮದು ಮಂಗಳೂರಿನ ಹಂಪನಕಟ್ಟೆ ಹತ್ರ ಒಳಗಿನ ಓಣಿಯಲ್ಲಿ ಒಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಫ್ಲೆಕ್ಸ್, ಅದರ ಜತೆಗೆ ಸ್ವಲ್ಪ ಅನುವಾದ. ನದಿ ಬದಿಯ ಒಂದು ಯುವಕ ಮಂಡಲದವರು ನದಿ ಉತ್ಸವ ಅಂತ ಮಾಡುವವರಿದ್ರು, ಅದಕ್ಕೆ 8 ಫ್ಲೆಕ್ಸ್ ಬೋರ್ಡ್, ನೇತ್ರಾವತಿ ಮತ್ತು ಫಲ್ಗುಣಿ ಎರಡರದ್ದೂ ಕಥೆ, ಫೋಟೋ ಸಮೇತ. ಇಂಗ್ಲಿಷ್ ಬರಹ ಗಲ್ಫಲ್ಲಿರುವ ಅವರದೇ ಊರಿನ ಒಬ್ಬ ಹುಡುಗ ಬರೆದು ಕಳಿಸಿದ್ದು, ಚಂದವೇ ಬರೆದಿದ್ದ. ಕನ್ನಡ ಮಾಡುದು ನಮ್ಮ ಕೆಲಸ. ಅಂಗಡಿಯ ಹುಡುಗ, ಬಿಸಿಎ ಮುಗಿಸಿ ಹೊಸದಾಗಿ ಸೇರಿದವ, ಅದನ್ನು ಮೊಬೈಲಿನ ಅನುವಾದಕ್ಕೆ ಹಾಕಿ ಬಂದದ್ದನ್ನು ಹಾಗೆಯೇ ಸೆಟ್ ಮಾಡಿದ, ನಾನು ಎರಡು ಮದುವೆ ಕಾಗದದ ನಡುವೆ ಒಂದು ಕಣ್ಣು ಹಾಯಿಸಿ ಓಕೆ ಅಂದೆ. ತಪ್ಪು ಅವನದ್ದು ಅಂತ ಹೇಳ್ಲಿಕ್ಕೆ ನನಗೆ ಬಾಯಿಲ್ಲ.

ಬೋರ್ಡಲ್ಲಿ ಇದ್ದ ವಾಕ್ಯ ಇದು: "1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ನೇತ್ರಾವತಿ ಬ್ಯಾಂಕಿನಲ್ಲಿ ಹಂಚಿನ ಕಾರ್ಖಾನೆ ಸ್ಥಾಪಿಸಿದರು." ಇಂಗ್ಲಿಷಲ್ಲಿ ನದಿ ದಡಕ್ಕೂ ಬ್ಯಾಂಕ್ ಅಂತಲೇ ಹೇಳುದು. ಅವರು ಜೆಪ್ಪುವಿನಲ್ಲಿ, ನದಿ ಬದಿಯಲ್ಲಿ, ಮಣ್ಣು ದೋಣಿಯಲ್ಲಿ ತರ್ಲಿಕ್ಕೆ ಸುಲಭ ಆಗುವಂತೆ ಕಾರ್ಖಾನೆ ಹಾಕಿದ್ದು. ನಮ್ಮ ಕನ್ನಡದಲ್ಲಿ ಅದು ಕಾರ್ಖಾನೆಯನ್ನು ಬ್ಯಾಂಕಲ್ಲಿ ಡಿಪಾಸಿಟ್ ಇಟ್ಟ ಹಾಗೆ ಆಗಿತ್ತು.

ಈಗ ಪ್ರಶ್ನೆ ಎಂತ ಅಂದ್ರೆ, ಇಷ್ಟು ದೊಡ್ಡ ತಪ್ಪು ನನ್ನ ಕಣ್ಣಿಗೆ ಯಾಕೆ ಬೀಳ್ಲಿಲ್ಲ? ನಾನು ಮಾತ್ರ ಅಲ್ಲ, ಯುವಕ ಮಂಡಲದ ಅಧ್ಯಕ್ಷರು, ಕಾರ್ಯದರ್ಶಿ, ಫ್ಲೆಕ್ಸ್ ಕಟ್ಟಿದ ನಾಲ್ಕು ಜನ, ಯಾರಿಗೂ ಕಾಣ್ಲಿಲ್ಲ. ಇದೇ ಬೋರ್ಡ್ ಬೇರೆ ಊರಲ್ಲಿ ಹಾಕಿದ್ರೆ ಓದಿದವ ಅಲ್ಲೇ ನಗ್ತಿದ್ದ ಅಂತ ನನಗೆ ಅನಿಸ್ತದೆ. ಆದ್ರೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಯಾವ ಹೆಸರಿನ ಮುಂದೆ ಬ್ಯಾಂಕ್ ಅಂತ ಸೇರಿಸಿದ್ರೂ ಅದು ನಿಜ ಅಂತಲೇ ಕೇಳ್ತದೆ. 1906ರಲ್ಲಿ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಶುರು ಮಾಡಿದ್ದು ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬ್ರು ಶುರು ಮಾಡಿದ್ದು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯ್ತು, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಪ್ಪತ್ತೈದು ವರ್ಷದಲ್ಲಿ ಐದು. ಇದರ ಮೇಲೆ ಲೆಕ್ಕ ಇಲ್ಲದಷ್ಟು ಸೊಸೈಟಿಗಳು, ಸಹಕಾರಿ ಬ್ಯಾಂಕುಗಳು. ಹಾಗಿರುವಾಗ ನೇತ್ರಾವತಿ ಬ್ಯಾಂಕ್ ಅಂತ ಒಂದು ಇರ್ಲಿಕ್ಕೆ ಇಲ್ಲ ಅಂತ ಯಾರಿಗೆ ಅನಿಸ್ಬೇಕು ಹೇಳಿ. ಹೆಸರು ಕೂಡ ಒಳ್ಳೆ ಉಂಟು, ಲೋಗೋದಲ್ಲಿ ಎರಡು ಅಲೆ ಹಾಕಿದ್ರೆ ಆಯ್ತು.

ಎಂಟೂ ಬೋರ್ಡ್ ಇಳಿಸಿ ಅಂಗಡಿಗೆ ತಂದು ನೆಲದಲ್ಲಿ ಹಾಸಿದ್ವಿ, ಹುಡುಗನ ಕೈಗೆ ಕೆಂಪು ಮಾರ್ಕರ್ ಕೊಟ್ಟೆ. ಒಟ್ಟು 18 ಕಡೆ "ಬ್ಯಾಂಕ್" ಸಿಕ್ಕಿತು. ಅದ್ರಲ್ಲಿ ದುಡ್ಡಿನ ಬ್ಯಾಂಕ್ ಬರೀ 3. ಕೊನೆಗೆ ರಕ್ತದಾನ ಶಿಬಿರದ ಬಗ್ಗೆ ಒಂದು ಸಾಲು, ಬ್ಲಡ್ ಬ್ಯಾಂಕ್, ಅದಕ್ಕೆ ಎಂತ ಮಾಡ್ಲಿಕ್ಕಿಲ್ಲ, ನಮ್ಮ ಅಜ್ಜಿಯಂದಿರೂ ಬ್ಲಡ್ ಬ್ಯಾಂಕ್ ಅಂತಲೇ ಹೇಳುದು. (ಆ ಹೆಸರು 1937ರಲ್ಲಿ ಶಿಕಾಗೋದ ಒಬ್ರು ಡಾಕ್ಟ್ರು ಇಟ್ಟದ್ದು, ಬರ್ನಾರ್ಡ್ ಫಾಂಟಸ್ ಅಂತ, ಕೊಡುದು ತೆಗೆಯುದು ಎರಡೂ ಇರ್ತದಲ್ಲ ಹಾಗಾಗಿ.) ಉಳಿದ 14 ಪೂರ್ತಿ ಅವಾಂತರ.

"ಮುಂಜಾನೆ ಅಳಿವೆಯ ಮೇಲೆ ಮಂಜಿನ ಬ್ಯಾಂಕ್ ಕಾಣುತ್ತದೆ." "ದೋಣಿಗಳು ಮರಳಿನ ಬ್ಯಾಂಕಿಗೆ ಸಿಕ್ಕಿಕೊಳ್ಳುತ್ತಿದ್ದವು." "ಕಾರ್ಖಾನೆಯಲ್ಲಿ ಗೂಡುಗಳ ಒಂದು ಬ್ಯಾಂಕ್ ಇತ್ತು." "ಬಜ್ಪೆಗೆ ಇಳಿಯುವ ವಿಮಾನಗಳು ನದಿಯ ಮೇಲೆ ಬ್ಯಾಂಕ್ ಮಾಡುತ್ತವೆ." ಮತ್ತೆ ನನಗೆ ಅತಿ ಇಷ್ಟ ಆದದ್ದು, "ನಾಡದೋಣಿ ಮೀನುಗಾರರು ತೂಫಾನಿನ ಮೇಲೆ ಬ್ಯಾಂಕ್ ಮಾಡುತ್ತಾರೆ". ಜೂನ್ ಒಂದರಿಂದ ಜುಲೈ ಕೊನೆವರೆಗೆ, 61 ದಿನ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ಬಂದ್ ಅಲ್ವಾ, ಆಗ ಕಡಲು ಒಮ್ಮೆ ಚೆನ್ನಾಗಿ ಏಳ್ಬೇಕು, ಎದ್ರೆ ನಾಡದೋಣಿಯವರಿಗೆ ಮೀನು ಸಿಗ್ತದೆ, ಅವರೆಲ್ಲ ಆ ತೂಫಾನನ್ನೇ ನಂಬಿ ಕೂತಿರ್ತಾರೆ. ಅದನ್ನು ಅವ ಇಂಗ್ಲಿಷಲ್ಲಿ ಚಂದ ಹೇಳಿದ್ದ. ನಮ್ಮ ಫ್ಲೆಕ್ಸಲ್ಲಿ ಮಾತ್ರ ಅವರು ತೂಫಾನಿನ ಮೇಲೆ ಅಕೌಂಟ್ ಓಪನ್ ಮಾಡಿದ್ರು.

ನದಿ ಬದಿಯ ಬ್ಯಾಂಕ್ 9 ಇತ್ತು. ಒಂದೇ ಶಬ್ದ ಹುಡುಕಿ ಒಂಬತ್ತು ಕಡೆ ಬದಲಾಯಿಸಿದ್ರೆ ಮುಗೀತು ಅಂತ ಹುಡುಗ ಎಣಿಸಿದ್ದ, ದಂಡೆ ಅಂತ ರಿಪ್ಲೇಸ್ ಆಲ್ ಕೊಟ್ಟ. ಓದಿ ನೋಡಿದ್ರೆ ಕಾರ್ಖಾನೆಗೆ ದಂಡೆ ಸರಿ ಹೋಗ್ತದೆ, ಆದ್ರೆ ದೋಣಿ ದಂಡೆ ಸೇರುದಿಲ್ಲ, ದೋಣಿ ದಡ ಸೇರುದು. ಸಮುದ್ರದ್ದು ಬಂದಲ್ಲಿ ಕಡಲಕರೆ ಅಂತ ಬೇಕು. ಮಕ್ಕಳು ಆಡುದು ಹೊಳೆ ಬದಿಯಲ್ಲಿ, ನದಿಯ ದಂಡೆಯ ಮೇಲೆ ಆಡಿದ್ರೆ ಅದು ಪಾಠ ಪುಸ್ತಕ ಆಗ್ತದೆ. ಇನ್ನೊಂದು ಕಡೆ ಲೆಫ್ಟ್ ಬ್ಯಾಂಕ್ ಅಂತ ಇತ್ತು, ಎಡದಂಡೆ. ಅದಕ್ಕೆ ಹುಡುಗ ಕೇಳಿದ ಪ್ರಶ್ನೆ ಒಳ್ಳೇದಿತ್ತು, ಯಾರ ಎಡಕ್ಕೆ ಅಂತ. ನೀರು ಹರಿದು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಬದಿಗೆ ಬರುದು ಎಡದಂಡೆ, ಕಾಲುವೆಗಳಿಗೆ ಎಡದಂಡೆ ಬಲದಂಡೆ ಅಂತ ಹೇಳುದು ಕೂಡ ಹೀಗೆಯೇ. ನೇತ್ರಾವತಿ ಪಡುವಣಕ್ಕೆ ಹರಿಯುದು, ಹಾಗಾಗಿ ಉಳ್ಳಾಲ ಎಡದಂಡೆ, ಜೆಪ್ಪು ಬಲದಂಡೆ. ಬರೆದವ ಗಲ್ಫಲ್ಲಿ ಕೂತು ಇದನ್ನು ಸರಿಯಾಗಿಯೇ ಬರೆದಿದ್ದ.

"ಈ ಇಂಗ್ಲಿಷಿಗೆ ಒಂದು ಮಂಡೆ ಸಮ ಇಲ್ಲ ಅಣ್ಣ, ಒಂದೇ ಶಬ್ದಕ್ಕೆ ಇಷ್ಟೆಲ್ಲ ಅರ್ಥ" ಅಂದ ಹುಡುಗ. ನಾನು ಕೇಳಿದೆ, ಕರೆ ಅಂದ್ರೆ ಎಂತ? ಕಡಲಕರೆ ಒಂದು. ಫೋನ್ ಕರೆ ಒಂದು. ದನದ ಹಾಲು ಕರೆಯುದು ಒಂದು. ಅಂಗಿಗೆ ಬಾಳೆಕಾಯಿ ಕರೆ ಹಿಡಿಯುದು ಒಂದು. ಜೋಡುಕರೆ ಕಂಬಳದ ಕರೆ ಬೇರೆ, ಅದು ಕೋಣ ಓಡುವ ಕೆಸರಿನ ಟ್ರ್ಯಾಕ್. ದಂಡೆ ಅಂದ್ರೆ ಹೂವಿಂದೂ ಆಗ್ತದೆ. ಧಕ್ಕೆ ಅಂದ್ರೆ ನಮಗೆ ಬೋಟು ನಿಲ್ಲುವ ಜಾಗ, ಧಕ್ಕೆಗೆ ಹೋಗಿ ಮೀನು ತಂದೆ ಅಂತ ನಾವು ಹೇಳಿದ್ರೆ ಘಟ್ಟದ ಮೇಲಿನವರು ಯಾರಿಗೆ ಪೆಟ್ಟಾಯ್ತು ಅಂತ ಕೇಳ್ತಾರೆ. ಅವ ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ, ಮೊಬೈಲಿಗೆ ಅದು ಗೊತ್ತಿರುದಿಲ್ವಾ ಹಾಗಾದ್ರೆ ಅಂದ. ಗೊತ್ತಿರ್ತದೆ ಮಾರಾಯ, ಸುತ್ತಮುತ್ತಲಿನ ಶಬ್ದ ನೋಡಿ ಅಂದಾಜು ಮಾಡ್ತದೆ, ಆದ್ರೆ ನೀನು ಒಂದೊಂದೇ ಸಾಲು ತುಂಡು ಮಾಡಿ ಹಾಕಿದ್ದಿ. ಅದ್ರ ಮೇಲೆ ಹಿಂದೆಯೇ 1906, ಕೆನರಾ, ಡಿಪಾಸಿಟ್ ಅಂತೆಲ್ಲ ಇತ್ತು. ಅದಕ್ಕೂ ನಮ್ಮ ಜಿಲ್ಲೆಯ ಗಾಳಿ ತಾಗಿರ್ಬೇಕು.

ಇಲ್ಲಿವರೆಗಿನದ್ದು ಒಂದು ಸಂಜೆಯ ಕೆಲಸ. ನಿಜವಾದ ತಲೆಬಿಸಿ ಶುರುವಾದದ್ದು ಎಂಟನೇ ಬೋರ್ಡಲ್ಲಿ.

ಎಂಟನೇ ಬೋರ್ಡ್ ಗಲ್ಫಿನ ಹುಡುಗ ಬರೆದದ್ದಲ್ಲ. ನಮ್ಮ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ಒಬ್ರು ಮಾಮ್ (ಮಾವ ಅಂತ ಗೌರವಕ್ಕೆ ಕರೆಯುದು) ಇದ್ದಾರೆ, 34 ವರ್ಷ ಬ್ಯಾಂಕಲ್ಲಿ ದುಡಿದು ಮ್ಯಾನೇಜರ್ ಆಗಿ ರಿಟೈರ್ಡ್ ಆದವರು, ಉತ್ಸವದ ಗೌರವ ಸಲಹೆಗಾರರು. ಅವರು ಬರೆದದ್ದು ಹೀಗೆ: ಹಿಂದಿನ ಕಾಲದಲ್ಲಿ ವ್ಯಾಪಾರ ನಡೀತಿದ್ದದ್ದು ನದಿ ದಡದಲ್ಲಿ, ದುಡ್ಡಿನ ಸಾಹುಕಾರರು ಅಲ್ಲೇ ಕೂತುಕೊಳ್ತಿದ್ರು, ನದಿ ದಡಕ್ಕೆ ಇಂಗ್ಲಿಷಲ್ಲಿ ಬ್ಯಾಂಕ್, ಹಾಗಾಗಿ ದುಡ್ಡಿನ ಜಾಗಕ್ಕೂ ಬ್ಯಾಂಕ್ ಅಂತ ಹೆಸರು ಬಂತು, ನಮ್ಮ ಜಿಲ್ಲೆಯಲ್ಲಿ ನದಿ ಜಾಸ್ತಿ ಹಾಗಾಗಿ ಬ್ಯಾಂಕೂ ಜಾಸ್ತಿ. ಓದ್ಲಿಕ್ಕೆ ಚಂದ. ನನಗೆ ಮಾತ್ರ ಒಂದು ಸಣ್ಣ ಸಂಶಯ. ಒಮ್ಮೆ ಫ್ಲೆಕ್ಸ್ ಇಳಿಸಿದ ಮೇಲೆ ಪುನಃ ತಪ್ಪು ಹಾಕಿ ಕಟ್ಲಿಕ್ಕೆ ಧೈರ್ಯ ಇರ್ಲಿಲ್ಲ.

ರಾತ್ರಿ ಕೂತು ಇಂಗ್ಲಿಷಿನ ಶಬ್ದಮೂಲದ ನಿಘಂಟು ನೋಡಿದೆ. ಅಲ್ಲಿ ಬ್ಯಾಂಕ್ ಅಂತ ಒಂದು ಶಬ್ದ ಇಲ್ಲ, ಮೂರು ಉಂಟು, ಬೇರೆ ಬೇರೆ ನಮೂದು. ನದಿ ದಂಡೆಯ ಬ್ಯಾಂಕ್ ಇಂಗ್ಲಿಷಿಗೆ ಬಂದದ್ದು ಸುಮಾರು 1200ರ ಹೊತ್ತಿಗೆ, ಉತ್ತರದ ಕಡೆಯಿಂದ ಹಡಗಲ್ಲಿ ಬಂದು ಇಂಗ್ಲೆಂಡಲ್ಲಿ ನೆಲೆ ನಿಂತ ನಾರ್ಸ್ ಜನರ ಭಾಷೆಯಿಂದ ಇರ್ಬೇಕು ಅಂತ ವಿದ್ವಾಂಸರು ಹೇಳ್ತಾರೆ, ಅವರಲ್ಲಿ ಬಕ್ಕಿ ಅಂದ್ರೆ ದಿಬ್ಬ, ಏರು. ಮರಳ ದಿಬ್ಬ, ಮಂಜಿನ ರಾಶಿ, ಎಲ್ಲ ಈ ಮನೆಯದ್ದೇ. ವಿಮಾನ ಕೂಡ. ಅದು ನನಗೆ ಆಶ್ಚರ್ಯ ಆಯ್ತು, ದಂಡೆ ಅಂದ್ರೆ ಇಳಿಜಾರು, ಇಳಿಜಾರಿಂದ ತಿರುವಲ್ಲಿ ರಸ್ತೆಯ ಒಂದು ಬದಿ ಎತ್ತರಿಸುದಕ್ಕೆ ಆ ಹೆಸರು, ಅಲ್ಲಿಂದ ವಿಮಾನ ಒಂದು ರೆಕ್ಕೆ ತಗ್ಗಿಸಿ ತಿರುಗುದಕ್ಕೆ. ಬಜ್ಪೆಗೆ ಬರುವ ವಿಮಾನ ನದಿ ಮೇಲೆ ವಾಲುವಾಗ ನದಿಯ ಶಬ್ದವನ್ನೇ ಹಿಡ್ಕೊಂಡು ವಾಲ್ತದೆ ಅಂತಾಯ್ತು.

ಎರಡನೇದ್ದು ಹಳೆ ಫ್ರೆಂಚಿನ ಬಾಂಕ್, ಅಂದ್ರೆ ಬೆಂಚು. ದೊಡ್ಡ ದೋಣಿಯಲ್ಲಿ ಹುಟ್ಟು ಹಾಕುವವರು ಸಾಲಾಗಿ ಕೂರುವ ಹಲಗೆ. ಅಲ್ಲಿಂದ ಹುಟ್ಟುಗಳ ಸಾಲಿಗೆ, ಮತ್ತೆ ಯಾವ ಸಾಲಿಗೂ, ಸ್ವಿಚ್ಚುಗಳ ಸಾಲಿಗೂ ಹಂಚಿನ ಗೂಡುಗಳ ಸಾಲಿಗೂ ಅದೇ ಹೆಸರಾಯ್ತು. ಶಬ್ದದ ಹುಟ್ಟು ಹುಡುಕ್ಲಿಕ್ಕೆ ಹೋದವನಿಗೆ ದೋಣಿಯ ಹುಟ್ಟು ಸಿಕ್ಕಿದ ಹಾಗೆ ಆಯ್ತು ನನ್ನ ಕಥೆ.

ಮೂರನೇದ್ದು ದುಡ್ಡಿಂದು. ಅದು ಇಂಗ್ಲಿಷಿಗೆ ಬಂದದ್ದು ತಡವಾಗಿ, ಹದಿನೈದನೇ ಶತಮಾನದ ಕೊನೆಗೆ, ಇಟಲಿಯಿಂದ. ಇಟಾಲಿಯನಲ್ಲಿ ಬಾಂಕಾ ಅಂದ್ರೆ ಬೆಂಚು, ಮೇಜು. ಬೇರೆ ಬೇರೆ ಊರಿನ ನಾಣ್ಯ ಬದಲಾಯಿಸಿ ಕೊಡುವವರು ಪೇಟೆಯಲ್ಲಿ ಒಂದು ಮೇಜು ಇಟ್ಟು ಕೂರ್ತಿದ್ರು, ಆ ಮೇಜೇ ಬ್ಯಾಂಕ್. ಗ್ರೀಕರು ಇದೇ ದಾರಿಯಲ್ಲಿ ಇನ್ನೂ ಮೊದಲೇ ಹೋದವರು, ಅವರಲ್ಲಿ ಬ್ಯಾಂಕಿಗೆ ಇವತ್ತಿಗೂ ತ್ರಾಪೆಜಾ ಅಂತ ಹೇಳುದು, ತ್ರಾಪೆಜಾ ಅಂದ್ರೆ ಮೇಜು. ಅಂದ್ರೆ ನದಿಯೂ ಇಲ್ಲ, ದಡವೂ ಇಲ್ಲ, ಪೇಟೆಯಲ್ಲಿ ಒಂದು ಮರದ ಮೇಜು, ಅಷ್ಟೇ.

ಈ ಬೆಂಚಿನ ಸಂಸಾರ ದೊಡ್ಡದು ಮಾರಾಯ್ರೆ. ದಿವಾಳಿ ಆದವನಿಗೆ ಬ್ಯಾಂಕ್ರಪ್ಟ್ ಅಂತ ಹೇಳ್ತಾರಲ್ಲ, ಅದು ಇಟಾಲಿಯನಿನ ಬಾಂಕಾ ರೊತ್ತಾ, ಮುರಿದ ಬೆಂಚು. ಸಾಲ ತೀರಿಸ್ಲಿಕ್ಕಾಗದ ವ್ಯಾಪಾರಿಯ ಬೆಂಚನ್ನು ನಿಜವಾಗಿ ಒಡೆದು ಹಾಕ್ತಿದ್ರು ಅಂತ ಒಂದು ಕಥೆ ಉಂಟು, ಅದು ಬರೀ ಮಾತಿನ ರೀತಿ ಇರ್ಬೇಕು ಅಂತ ನಿಘಂಟಿನವರ ಅಭಿಪ್ರಾಯ. ಬ್ಯಾಂಕ್ವೆಟ್ ಹಾಲ್ ಅಂತ ಈಗ ಮದುವೆಗೆಲ್ಲ ಬುಕ್ ಮಾಡ್ತೇವಲ್ಲ, ಆ ಬ್ಯಾಂಕ್ವೆಟ್ ಅಂದ್ರೆ ಮೂಲದಲ್ಲಿ ಸಣ್ಣ ಬೆಂಚು, ದೊಡ್ಡ ಊಟ ಅಲ್ಲ, ಬೆಂಚಲ್ಲಿ ಕೂತು ತಿನ್ನುವ ಸ್ವಲ್ಪ ತಿಂಡಿ. ಮದುವೆ ಕಾಗದದಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇನೋ, ಗೊತ್ತೇ ಇರ್ಲಿಲ್ಲ. ಇನ್ನು ಮೌಂಟಿಬ್ಯಾಂಕ್ ಅಂತ ಒಂದುಂಟು, ಸಂತೆಯಲ್ಲಿ ಬೆಂಚು ಹತ್ತಿ ನಿಂತು ಸರ್ವರೋಗಕ್ಕೆ ಒಂದೇ ಎಣ್ಣೆ ಅಂತ ಮಾರುವವ. ಆ ಜಾತಿಯವರನ್ನು ನಾವೂ ಜಾತ್ರೆಯಲ್ಲಿ ಕಂಡಿದ್ದೇವೆ, ಈಗ ಅವರು ಮೊಬೈಲಲ್ಲಿ ಬರ್ತಾರೆ.

ಭಾನುವಾರ ಮಾಮ್‌ಗೆ ಹೇಳ್ಲಿಕ್ಕೆ ಹೋದೆ. ಮೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ನಾನು 34 ವರ್ಷ ಬ್ಯಾಂಕಲ್ಲಿದ್ದವ, ಹೊಸದಾಗಿ ಸೇರಿದ ಮಕ್ಕಳಿಗೆ ಟ್ರೈನಿಂಗಲ್ಲಿ ಇದೇ ಕಥೆ ಹೇಳಿದ್ದು, ಒಬ್ಬನೂ ಇಲ್ಲ ಅಂತ ಹೇಳ್ಲಿಲ್ಲ" ಅಂದ್ರು. ಮ್ಯಾನೇಜರಿಗೆ ಟ್ರೈನಿಗಳು ಇಲ್ಲ ಅಂತ ಹೇಳ್ತಾರಾ ಅಂತ ಬಾಯಿವರೆಗೆ ಬಂತು, ನುಂಗಿದೆ. ಬೆಂಚು ಹೇಗೆ ಬ್ಯಾಂಕ್ ಆಗ್ತದೆ, ಬೆಂಚು ಬೆಂಚೇ, ಯಾರಾದ್ರೂ ಬೆಂಚಿಗೆ ಬ್ಯಾಂಕ್ ಅಂತ ಹೇಳಿದ್ದು ಕೇಳಿದ್ದಿಯಾ ನೀನು, ಅಂತ ಅವರ ವಾದ. ನಿಘಂಟು ತೋರಿಸಿದೆ, ಪುಸ್ತಕದಲ್ಲಿ ಎಂತ ಬೇಕಾದ್ರೂ ಬರೀತಾರೆ ಅಂದ್ರು.

ಅಷ್ಟರಲ್ಲಿ ಎದುರು ಮನೆಯ ಬಾಯಿ (ಕ್ರಿಶ್ಚಿಯನ್ ಹೆಂಗಸರನ್ನು ನಾವು ಹಾಗೆ ಕರೆಯುದು) ಮೆಟ್ಟಿಲು ಹತ್ತಿ ಬಂದ್ರು. ಇಗರ್ಜಿಯಿಂದ ಪೂಜೆ ಮುಗಿಸಿ ಬಂದವರು, ವರ್ಷ ಎಂಬತ್ತು ದಾಟಿದೆ, ಅವರ ಬಾಗಿಲ ಹೊರಗೆ ಒಂದು ಹಳೆ ಉದ್ದ ಬೀಟೆಯ ಬೆಂಚು ಉಂಟು, ಚಪ್ಪಲಿ ತೆಗೀಲಿಕ್ಕೆ ಕೂರುದು. ನಾವು ಇಬ್ರೂ ನಿಂತುಕೊಂಡೇ ವಾದ ಮಾಡುದು ಕಂಡು ಅವರು ಆ ಬೆಂಚಿನ ಕಡೆ ಕೈ ತೋರಿಸಿ ನನಗೆ ಹೇಳಿದ್ರು, "ತ್ಯಾ ಬಾಂಕಾರ್ ಬಸ್ ಪುತಾ."

ಆ ಬಾಂಕಿನಲ್ಲಿ ಕೂತ್ಕೋ ಮಗ, ಅಂತ.

ನಾನು ಮಾಮ್‌ನ ಮುಖ ನೋಡಿದೆ. ಮಾಮ್ ಕೂಡ ಕೊಂಕಣಿಯವರೇ, ಆದ್ರೆ ಅವರ ಮನೆಯಲ್ಲಿ ಬೆಂಚ್ ಅಂತ ಹೇಳುದು. ಕ್ರಿಶ್ಚಿಯನ್ ಕೊಂಕಣಿಯಲ್ಲಿ ಬೆಂಚಿಗೆ ಬಾಂಕ್, ಪೋರ್ಚುಗೀಸಿನ ಬಾಂಕೊದಿಂದ ಬಂದದ್ದು, ಕಿಟಕಿಗೆ ಜನೆಲ್, ಕುರ್ಚಿಗೆ ಕದೆಲ್ ಬಂದ ಹಾಗೆಯೇ. ಪೋರ್ಚುಗೀಸಲ್ಲಿ ಇವತ್ತಿಗೂ ಬಾಂಕೊ ಅಂದ್ರೆ ಬೆಂಚೂ ಹೌದು, ದುಡ್ಡಿಡುವ ಬ್ಯಾಂಕೂ ಹೌದು. ಮರಾಠಿಯ ಬಾಕ, ಸಿಂಹಳದ ಬಂಕುವ, ಜಾಫ್ನಾ ತಮಿಳಿನ ವಾಂಗು, ಎಲ್ಲ ಅದೇ ಬೆಂಚು, ಹಡಗಲ್ಲಿ ಕರಾವಳಿ ಉದ್ದಕ್ಕೂ ಇಳಿದದ್ದು. ಮಂಗಳೂರಲ್ಲಿ ರೊಜಾರಿಯೊ ಇಗರ್ಜಿ ಆದದ್ದು 1568ರಲ್ಲಿ, ಇಲ್ಲಿ ಮೊದಲ ದುಡ್ಡಿನ ಬ್ಯಾಂಕುಗಳು ತಲೆ ಎತ್ತುವ ಎಷ್ಟೋ ಮುಂಚೆಯೇ ಮರದ ಬಾಂಕು ಬಂದು ಕೂತಿತ್ತು ಅಂತ ಆಯ್ತಲ್ಲ. ಬಾಯಿಗೆ ನಮ್ಮ ಜಗಳ ಎಂತದ್ದು ಅಂತ ಗೊತ್ತಿಲ್ಲ, ಅವರು ಒಳಗೆ ಹೋಗಿ ಚಾ ಇಟ್ರು.

ಮಾಮ್ ಬೆಂಚಲ್ಲಿ ಕೂತ್ರು. ಸ್ವಲ್ಪ ಹೊತ್ತು ಮರವನ್ನು ಕೈಯಿಂದ ಸವರಿ ಕೇಳಿದ್ರು, ಬೆಂಚಿಗೂ ನದಿ ದಂಡೆಗೂ ಎಂತ ಸಂಬಂಧ ಹಾಗಾದ್ರೆ, ಬರೀ ಉಚ್ಚಾರ ಒಂದೇ ಆದದ್ದಾ? ಇದಕ್ಕೆ ನನ್ನಲ್ಲಿ ಉತ್ತರ ಇತ್ತು, ಹೇಳಿದ್ರೆ ಅವರೇ ಗೆಲ್ತಾರೆ ಅಂತಲೂ ಗೊತ್ತಿತ್ತು, ಆದ್ರೂ ಹೇಳಿದೆ. ನಾರ್ಸಿನವರ ದಿಬ್ಬ, ಫ್ರೆಂಚರ ಬೆಂಚು, ಇಟಲಿಯವರ ಮೇಜು ಮೂರೂ ಹಿಂದಕ್ಕೆ ಹೋದ್ರೆ ಒಂದೇ ಹಳೆ ಜರ್ಮಾನಿಕ್ ಶಬ್ದಕ್ಕೆ ಮುಟ್ಟುದು, ಫ್ರೆಂಚರೂ ಇಟಲಿಯವರೂ ಅದನ್ನು ಜರ್ಮಾನಿಕ್ ಜನರಿಂದ ತಗೊಂಡದ್ದು. ಇಂಗ್ಲಿಷಿನ ಸ್ವಂತ ಬೆಂಚ್ ಕೂಡ ಅದೇ ಕುಲ. ಮೂಲದಲ್ಲಿ ಕೂರ್ಲಿಕ್ಕೆ ಅಂತ ಮಣ್ಣು ಏರಿಸಿ ಮಾಡಿದ ದಿಣ್ಣೆ ಇರ್ಬೇಕು ಅಂತ ಒಂದು ವಿವರಣೆ ಉಂಟು. ಅದೇ ಮಣ್ಣಿನ ಏರು ಒಂದು ಕಡೆ ನದಿ ಬದಿಯ ದಂಡೆ ಆಯ್ತು, ಇನ್ನೊಂದು ಕಡೆ ಮರದ ಹಲಗೆ ಆಯ್ತು.

"ಹಾಗಾದ್ರೆ ನಾನು ಹೇಳಿದ್ದು ಸರಿ ಅಲ್ವಾ" ಅಂದ್ರು ಮಾಮ್, ಒಮ್ಮೆಲೇ ನೆಟ್ಟಗೆ ಕೂತು.

ಸರಿಯೂ ಅಲ್ಲ, ತಪ್ಪೂ ಅಲ್ಲ. ದುಡ್ಡಿನ ಬ್ಯಾಂಕು ನದಿ ಬ್ಯಾಂಕಿನ ಮಗ ಅಲ್ಲ, ದಾಯಾದಿ. ಮೂಲಮನೆ ಒಂದೇ, ನಾಗಬನ ಒಂದೇ, ಒಬ್ಬ ಉತ್ತರಕ್ಕೆ ಹೋದ, ಒಬ್ಬ ಇಟಲಿಗೆ ಹೋಗಿ ದುಡ್ಡು ಮಾಡಿದ, ಎಷ್ಟೋ ಶತಮಾನ ಕಳೆದು ಇಂಗ್ಲೆಂಡಿನಲ್ಲಿ ಒಂದೇ ಹೆಸರಲ್ಲಿ ಎದುರು ಬದುರು ಸಿಕ್ಕಿದ್ರು. ಹೀಗೆ ಹೇಳಿದ್ದು ಮಾಮ್‌ಗೆ ತಕ್ಷಣ ಅರ್ಥ ಆಯ್ತು, ಆಸ್ತಿ ಪಾಲಿನ ಲೋನ್ ಎಷ್ಟು ನೋಡಿದವರು ಅವರು.

ಬೋರ್ಡಿಗೆ ಎಂತ ಬರೆಯುದು ಅಂತ ಚಾ ಕುಡೀತಾ ಕೂತೆವು. ಕನ್ನಡದಲ್ಲಿ ಬ್ಯಾಂಕ್ ಬ್ಯಾಂಕ್ ಅಂತ ಆಟ ಆಡ್ಲಿಕ್ಕೆ ಆಗುದಿಲ್ಲ, ದಂಡೆ ಬೇರೆ ಬ್ಯಾಂಕ್ ಬೇರೆ, ಓದುವವನಿಗೆ ಎಂತ ಹೊಳೆಯುದಿಲ್ಲ. ಆಗ ಹುಡುಗ, ಇಷ್ಟು ಹೊತ್ತು ಮೆಟ್ಟಿಲಲ್ಲಿ ಮೊಬೈಲ್ ಒತ್ತುತ್ತಾ ಕೂತವ, ಕಟ್ಟೆ ಅಂತ ಹಾಕಿದ್ರೆ ಆಗುದಿಲ್ವಾ ಅಂದ. ನಾವಿಬ್ರೂ ತಿರುಗಿ ನೋಡಿದ್ವಿ. ಅಶ್ವತ್ಥ ಕಟ್ಟೆ, ಜಗಲಿ ಕಟ್ಟೆ, ದೇವರು ಕೂತು ಪೂಜೆ ತಗೊಳ್ಳುವ ಕಟ್ಟೆ, ಎಲ್ಲ ಕೂರ್ಲಿಕ್ಕೆ ಅಂತ ಏರಿಸಿ ಕಟ್ಟಿದ್ದು. ಕೆರೆಕಟ್ಟೆ ಅನ್ನುವಾಗ ಅದೇ ಕಟ್ಟೆ ನೀರು ತಡೆಯುವ ಒಡ್ಡು. ಕೆಳಗೆ ಹೋಗಿ ಕಿಟ್ಟೆಲ್ ನಿಘಂಟು ತೆಗೆದು ನೋಡಿದೆ, 1894ರಲ್ಲಿ ಇದೇ ಊರಿನ ಬಾಸೆಲ್ ಮಿಶನ್ ಪ್ರೆಸ್ಸಲ್ಲಿ ಅಚ್ಚಾದದ್ದು, ನನ್ನದು ಮರುಮುದ್ರಣ, ಅದ್ರಲ್ಲಿ ಕಟ್ಟೆ ಹತ್ರ ಎರಡೂ ಅರ್ಥ ಪಕ್ಕ ಪಕ್ಕ ಉಂಟು, ಕೂರುವ ಜಗಲಿಯೂ ನೀರಿನ ಒಡ್ಡೂ. ಜರ್ಮಾನಿಕ್ ಶಬ್ದ ಹೋದ ದಾರಿಯಲ್ಲೇ ನಮ್ಮ ಶಬ್ದವೂ ಅರ್ಧ ದೂರ ಹೋಗಿ ನಿಂತಿತ್ತು, ದುಡ್ಡಿನವರೆಗೆ ಮಾತ್ರ ಹೋಗ್ಲಿಲ್ಲ. ನಮ್ಮ ಕಟ್ಟೆಯಲ್ಲಿ ಕೂತವರು ನ್ಯಾಯ ಹೇಳಿದ್ರು, ಪಂಚಾತಿಕೆ ಮಾಡಿದ್ರು, ಎಲೆ ಅಡಿಕೆ ತಿಂದ್ರು, ಬಡ್ಡಿಗೆ ಬೇರೆ ಜಾಗ ನೋಡಿದ್ರು. ಇಷ್ಟೆಲ್ಲ ನಾನು ಹುಡುಕಿದ್ದು ಹಂಪನಕಟ್ಟೆಯಲ್ಲಿ ಕೂತು, ಸುತ್ತ ಎಷ್ಟು ಬ್ಯಾಂಕ್ ಉಂಟು ಅಂತ ಎಣಿಸ್ಲಿಕ್ಕೂ ಹೋಗ್ಲಿಲ್ಲ.

ಎಂಟನೇ ಬೋರ್ಡಿನ ಹೊಸ ತಲೆಬರಹ "ಕಟ್ಟೆಯಿಂದ ಬ್ಯಾಂಕಿಗೆ" ಅಂತ ಆಯ್ತು, ಮಾಮ್ ಹೆಸರಲ್ಲೇ, ಬೆಂಚಿನ ಕಥೆ ಹಾಕಿ, ನದಿಯದ್ದನ್ನು ದಾಯಾದಿ ಅಂತ ಸೇರಿಸಿ. ಬಾಯಿಯ ಬೆಂಚಿನ ಫೋಟೋ ಕೂಡ ಹಾಕಿದ್ವಿ. ಎಂಟು ಬೋರ್ಡೂ ಹೊಸದಾಗಿ ಪ್ರಿಂಟ್ ಆದವು, ಖರ್ಚು ನಮ್ಮದೇ, ಮಂಡಲದವರಿಂದ ಒಂದು ರೂಪಾಯಿ ತಗೊಳ್ಲಿಲ್ಲ. ತೂಫಾನಿನ ಸಾಲಿಗೆ "ತೂಫಾನನ್ನೇ ನಂಬಿ ಕೂರುತ್ತಾರೆ" ಅಂತ ಮಾಡಿದ್ವಿ. ವಿಮಾನಕ್ಕೆ "ವಾಲಿಕೊಂಡು ತಿರುಗುತ್ತವೆ". ಗೂಡುಗಳಿಗೆ ಬರೀ "ಸಾಲು". ಹುಡುಗ ಈಗ ಪೂರ್ತಿ ಪ್ಯಾರಾ ಹಾಕ್ತಾನೆ, ಬಂದದ್ದನ್ನು ಗಟ್ಟಿಯಾಗಿ ಓದಿ ಮತ್ತೆ ನನಗೆ ಕೊಡ್ತಾನೆ.

ಹಳೆ ಫ್ಲೆಕ್ಸ್ ಬಿಸಾಡ್ಲಿಲ್ಲ, ಮಳೆಗಾಲಕ್ಕೆ ಫ್ಲೆಕ್ಸಿನಷ್ಟು ಒಳ್ಳೆ ಟಾರ್ಪಲ್ ಬೇರೆ ಇಲ್ಲ. ಏಳನ್ನು ಮಂಡಲದವರೇ ಕಟ್ಟಿಗೆ ಮುಚ್ಚಲಿಕ್ಕೆ ಕೊಂಡೋದ್ರು. ಹಂಚಿನ ಕಾರ್ಖಾನೆಯದ್ದು ನಮ್ಮ ಅಂಗಡಿ ಎದುರು ಸ್ಕೂಟರಿಗೆ ಚಪ್ಪರದ ಹಾಗೆ ಕಟ್ಟಿದ್ದೇವೆ, ಅಕ್ಷರ ಹೊರಗೆ ಕಾಣುವ ಹಾಗೆ ಬಂತು, ತಿರುಗಿಸಿ ಕಟ್ಬೇಕು ಅಂತ ದಿನಾ ಎಣಿಸುದು. ಮೊನ್ನೆ ಮಳೆಗೆ ಒಬ್ರು ಅದರಡಿ ನಿಂತವರು ಮೇಲೆ ನೋಡಿ ಓದಿ, ಒಳಗೆ ಬಂದು, ಚಿನ್ನದ ಸಾಲ ಕೊಡ್ತೀರಾ ಅಂತ ಕೇಳಿದ್ರು.